ಗ್ಯಾಸ್ ಗೀಸರ್‌ಗೂ ವರ್ಷಕ್ಕೊಂದು ಸ್ನಾನ

ನೀರು ಸರಿಯಾಗಿ ಕಾಯುತ್ತಿಲ್ಲ ಅಂದರೆ ಬಹಳ ಮನೆಗಳಲ್ಲಿ ಮೊದಲು ಗ್ಯಾಸ್ ನಾಬ್ ಜಾಸ್ತಿ ಮಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ನೀರಿನ ನಾಬ್ ಕಡಿಮೆ ಮಾಡುತ್ತಾರೆ. ಬಕೆಟ್ ತುಂಬುವಷ್ಟರಲ್ಲಿ ಪೇಪರ್ ಓದಿ ಮುಗಿಯುತ್ತದೆ. ಸಿಲಿಂಡರ್ ಬೇಗ ಖಾಲಿ ಆಗುತ್ತದೆ. ಕೊನೆಗೆ ಯಾರೋ ಒಬ್ಬ ಮೆಕ್ಯಾನಿಕ್ ಬರುತ್ತಾನೆ, ಟಾಯ್ಲೆಟ್ ತೊಳೆಯುವ ಆ್ಯಸಿಡ್ ತಂದು ಕಾಯಿಲ್ ಒಳಗೆ ಸುರಿಯುತ್ತಾನೆ. ಬುಸ್ ಅಂತ ನೊರೆ ಬರುತ್ತದೆ, ನೀರು ಚೆನ್ನಾಗಿ ಕಾಯುತ್ತದೆ, ಎಲ್ಲರಿಗೂ ಖುಷಿ. ಸ್ವಲ್ಪ ದಿನದಲ್ಲೇ ಕಾಯಿಲ್‌ನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ನೀರು ಬರ್ನರ್ ಮೇಲೆ ತೊಟ್ಟಿಕ್ಕತೊಡಗುತ್ತದೆ. ನಮ್ಮ ಬೀದಿಯಲ್ಲೇ ಇದನ್ನು ಮತ್ತೆ ಮತ್ತೆ ನೋಡಿ ಸಾಕಾಗಿ ಈ ಲೇಖನ ಬರೆಯುತ್ತಿದ್ದೇನೆ.

ಗೀಸರ್‌ನ ಜೀವ ಇರುವುದು ಆ ಕಾಯಿಲ್‌ನಲ್ಲಿ. ತಾಮ್ರದ ಕೊಳವೆ, ಅದಕ್ಕೆ ಒತ್ತಾಗಿ ಜೋಡಿಸಿದ ತೆಳ್ಳನೆ ರೆಕ್ಕೆಗಳು. ಕೆಳಗೆ ಬೆಂಕಿ, ಕೊಳವೆಯೊಳಗೆ ನೀರು, ರೆಕ್ಕೆಗಳ ಸಂದಿಯಲ್ಲಿ ಮೇಲೇರುವ ಬಿಸಿ ಗಾಳಿ. ಇದಕ್ಕೆ ಎರಡು ಕಡೆಯಿಂದ ಕೊಳೆ ಹಿಡಿಯುತ್ತದೆ. ಒಳಗೆ ಬೋರ್ ನೀರಿನ ಸುಣ್ಣ ಕಟ್ಟುತ್ತದೆ. ಹೊರಗೆ ರೆಕ್ಕೆಗಳ ನಡುವೆ ಮಸಿ, ಧೂಳು, ಜೇಡರ ಬಲೆ ತುಂಬುತ್ತವೆ. ಒಳಗಿನ ಕೊಳೆಯಿಂದ ಗ್ಯಾಸ್ ದಂಡ, ಅಷ್ಟೇ. ಹೊರಗಿನದು ಪ್ರಾಣಕ್ಕೇ ಸಂಚಕಾರ. ರೆಕ್ಕೆಗಳ ಸಂದಿ ಮುಚ್ಚಿದರೆ ಹೊಗೆ ಮೇಲೆ ಹೋಗುವುದಿಲ್ಲ, ಬೆಂಕಿಗೆ ಗಾಳಿ ಸಾಲುವುದಿಲ್ಲ, ಅರ್ಧಂಬರ್ಧ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅಡುಗೆ ಗ್ಯಾಸ್ ಸೋರಿದರೆ ಗೊತ್ತಾಗಲಿ ಅಂತಲೇ ಅದಕ್ಕೆ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಈ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಬೋರ್ ನೀರಿನ ಮನೆಯಾದರೆ ವರ್ಷಕ್ಕೊಮ್ಮೆ ಈ ಕೆಲಸ ಆಗಲೇಬೇಕು. ಕಾವೇರಿ ನೀರಾದರೆ ಎರಡು ವರ್ಷಕ್ಕೊಮ್ಮೆ ಕಾಯಿಲ್ ಬಿಚ್ಚಿದರೂ ನಡೆಯುತ್ತದೆ, ಆದರೆ ರೆಕ್ಕೆಗಳನ್ನು ಪ್ರತಿ ವರ್ಷ ನೋಡಿ. ಯಾವಾಗ ಅಂತ ಕೇಳಿದರೆ ನಾನು ಹೇಳುವುದು ನೀರು ತುಂಬುವ ಹಬ್ಬದ ಹಿಂದಿನ ವಾರ. ಹಂಡೆ ತೊಳೆಯುವ ಕಾಲದ ಪದ್ಧತಿ ಗೀಸರ್‌ಗೂ ಸರಿಹೊಂದುತ್ತದೆ, ಚಳಿಗಾಲವೂ ಎದುರಿಗೇ ಇರುತ್ತದೆ.

ಒಂದು ಮಾತು. ಸ್ಪ್ಯಾನರ್ ಹಿಡಿದು ಅಭ್ಯಾಸ ಇಲ್ಲದವರು, ಗೀಸರ್ ಇನ್ನೂ ವಾರಂಟಿಯಲ್ಲಿ ಇರುವವರು ಮೂರನೇ ಹೆಜ್ಜೆಯನ್ನು ಕಂಪನಿಯ ಮೆಕ್ಯಾನಿಕ್ ಕೈಲಿ ಮಾಡಿಸಿ. ಪಕ್ಕದಲ್ಲೇ ನಿಂತು ನೋಡಿ. ಗ್ಯಾಸ್ ಕೊಳವೆ, ನಾಜಲ್, ಗ್ಯಾಸ್ ವಾಲ್ವ್ ಇವಕ್ಕೆ ಮಾತ್ರ ಯಾರೂ ಮನೆಯಲ್ಲಿ ಕೈ ಹಾಕಬೇಡಿ.

1. ಎಲ್ಲ ಬಂದ್

ರೆಗ್ಯುಲೇಟರ್ ಆಫ್. ಸೆಲ್ ಹೊರಗೆ. ಗೀಸರ್‌ಗೆ ನೀರು ಬರುವ ನಲ್ಲಿ ಬಂದ್. ಬಿಸಿನೀರಿನ ನಲ್ಲಿ ತೆರೆದು ಒಳಗಿನ ನೀರು ಇಳಿಸಿ. ಈಗಷ್ಟೇ ಯಾರಾದರೂ ಸ್ನಾನ ಮಾಡಿದ್ದರೆ ಅರ್ಧ ಗಂಟೆ ತಡೆಯಿರಿ.

2. ಜಾಲರಿ

ತಣ್ಣೀರಿನ ಪೈಪ್ ಬಿಚ್ಚಿದರೆ ಬಾಯಲ್ಲೇ ಪುಟ್ಟ ಜಾಲರಿ ಇರುತ್ತದೆ. ಮರಳು ತುಂಬಿರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ಮತ್ತೆ ಹಾಕಿ. 'ಗೀಸರ್ ಆನ್ ಆಗ್ತಾನೇ ಇಲ್ಲ' ಅನ್ನುವ ಎಷ್ಟೋ ದೂರು ಇಷ್ಟರಲ್ಲೇ ಮುಗಿಯುತ್ತವೆ.

3. ಕಾಯಿಲ್

ಮುಂದಿನ ಕವರ್ ತೆಗೆದ ಕೂಡಲೇ ಮೊಬೈಲ್‌ನಲ್ಲಿ ನಾಲ್ಕೈದು ಫೋಟೊ ತೆಗೆಯಿರಿ. ಯಾವ ವೈರ್ ಎಲ್ಲಿತ್ತು ಅನ್ನುವುದು ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಅದರಲ್ಲೂ ಕಾಯಿಲ್‌ಗೆ ಅಥವಾ ಬಿಸಿನೀರಿನ ಕೊಳವೆಗೆ ಅಂಟಿಕೊಂಡ ಬಿಲ್ಲೆಯಂಥ ಒಂದು ಭಾಗ ಇರುತ್ತದೆ, ಎರಡು ವೈರ್ ಹೊತ್ತುಕೊಂಡು. ನೀರು ಅತಿಯಾಗಿ ಕಾದರೆ ಗ್ಯಾಸ್ ನಿಲ್ಲಿಸುವುದು ಅದೇ. ಅದು ತಾಮ್ರಕ್ಕೆ ತಾಗಿಕೊಂಡೇ ಇರಬೇಕು. ಜೋಡಿಸುವಾಗ ಅದನ್ನು ಗಾಳಿಯಲ್ಲಿ ನೇತುಬಿಟ್ಟ ಗೀಸರ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಇನ್ನು ಕೆಲವರು 'ಪದೇ ಪದೇ ಆಫ್ ಆಗುತ್ತೆ' ಅಂತ ಎರಡೂ ವೈರ್ ಸೇರಿಸಿ ಟೇಪ್ ಸುತ್ತಿಬಿಡುತ್ತಾರೆ. ಹಾಗೆ ಮಾಡುವ ಮೆಕ್ಯಾನಿಕ್‌ನನ್ನು ಇನ್ನೊಮ್ಮೆ ಮನೆಗೆ ಕರೆಯಬೇಡಿ.

ಕಾಯಿಲ್‌ನ ಒಂದು ತುದಿ ನೀರಿನ ವಾಲ್ವ್‌ಗೆ, ಇನ್ನೊಂದು ಬಿಸಿನೀರಿನ ಬಾಯಿಗೆ ಸೇರಿರುತ್ತದೆ. ಎರಡೂ ಕಡೆ ಬಿಚ್ಚಿ, ಹಿಡಿದಿರುವ ಸ್ಕ್ರೂ ತೆಗೆದು, ಕಾಯಿಲ್ ಪೂರ್ತಿ ಹೊರಗೆ ತೆಗೆಯಿರಿ. ಗೋಡೆಯ ಮೇಲೆ ಇರುವ ಹಾಗೇ ಆ್ಯಸಿಡ್ ಸುರಿಯುವುದು ಸೋಮಾರಿಗಳ ದಾರಿ. ಆ ಆ್ಯಸಿಡ್ ವಾಲ್ವ್‌ಗೂ ಇಳಿದು ಅಲ್ಲಿನ ರಬ್ಬರ್ ಕೆಡಿಸುತ್ತದೆ.

ಮೊದಲು ಹೊರಗಡೆ. ಕಾಯಿಲ್ ಎತ್ತಿ ಬೆಳಕಿಗೆ ಹಿಡಿಯಿರಿ. ಪ್ರತಿ ಸಂದಿಯಲ್ಲೂ ಆಚೆಯ ಬೆಳಕು ಕಾಣಬೇಕು. ಕಾಣದ ಕಡೆ ಮೆತ್ತನೆಯ ಪೇಂಟ್ ಬ್ರಷ್, ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚನೆ ನೀರು. ಮೇಲಿನಿಂದ ನೀರು ಬಿಟ್ಟರೆ ಮಸಿ ಕೆಳಗಿಂದ ಕಪ್ಪಗೆ ಇಳಿಯುತ್ತದೆ. ತಂತಿ ಬ್ರಷ್ ಬೇಡವೇ ಬೇಡ. ರೆಕ್ಕೆಗಳು ಕಾಗದದಷ್ಟು ತೆಳು, ಒಮ್ಮೆ ಮಡಚಿದರೆ ಆ ಸಂದಿ ಮುಚ್ಚಿಹೋಯಿತು ಅಂತಲೇ ಲೆಕ್ಕ. ಮಸಿ ಜಾಸ್ತಿ ಇದ್ದರೆ ಬರ್ನರ್‌ಗೆ ಗಾಳಿ ಸಾಲುತ್ತಿಲ್ಲ ಅಂತ ತಿಳಿಯಿರಿ. ಬರೀ ತೊಳೆದರೆ ಸಾಲದು, ಕಾರಣ ಹುಡುಕಬೇಕು.

ಆಮೇಲೆ ಒಳಗಡೆ. ಇಲ್ಲಿ ಬೇಕಾಗಿರುವುದು ಸಿಟ್ರಿಕ್ ಆ್ಯಸಿಡ್, ಅಂದರೆ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು. ತಾಮ್ರದ ಹಂಡೆಗೆ ಅಜ್ಜಿ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದದ್ದೂ ಇದೇ ಲೆಕ್ಕದಲ್ಲಿ, ಹುಳಿಗೆ ಕೊಳೆ ಬಿಡುತ್ತದೆ, ತಾಮ್ರ ಉಳಿಯುತ್ತದೆ. ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಸಾಕು. ನೀರು ಕೈ ತಡೆಯುವಷ್ಟು ಬಿಸಿ ಇರಲಿ, ಕುದಿಯುವುದು ಬೇಡ. ಕಾಯಿಲ್‌ನ ಎರಡೂ ಬಾಯಿ ಮೇಲೆ ಬರುವ ಹಾಗೆ ಬಕೆಟ್‌ನಲ್ಲಿ ಆನಿಸಿ ನಿಲ್ಲಿಸಿ, ಒಂದು ಬಾಯಿಗೆ ಆಲಿಕೆ ಇಟ್ಟು ನಿಧಾನ ಸುರಿಯಿರಿ. ಗುಳ್ಳೆ ಏಳತೊಡಗುತ್ತದೆ. ಸುಣ್ಣ ಕರಗಿ ಗ್ಯಾಸ್ ಬಿಡುತ್ತಿರುವ ಗುರುತು ಅದು. ಹಾಗಾಗಿ ಬಾಯಿಗೆ ಬಿರಡೆ ಒತ್ತಬೇಡಿ. ಚೆಲ್ಲದಿರಲಿ ಅಂತ ಎರಡೂ ಕಡೆ ಬಟ್ಟೆ ತುರುಕಿ, ಕೊನೆಗೆ ಮುಖಕ್ಕೆ ಎರಚಿಸಿಕೊಂಡವರಿದ್ದಾರೆ.

ಹದಿನೈದು ಇಪ್ಪತ್ತು ನಿಮಿಷಕ್ಕೆ ಗುಳ್ಳೆ ನಿಂತರೆ ಅದನ್ನು ಚೆಲ್ಲಿ ಹೊಸದು ಸುರಿಯಿರಿ. ಮತ್ತೆ ಗುಳ್ಳೆ ಬಂದರೆ ಇನ್ನೂ ಸುಣ್ಣ ಇದೆ ಅಂತ ಅರ್ಥ. ಹೊಸ ನೀರಿಗೂ ಗುಳ್ಳೆ ಏಳದಿದ್ದಾಗ, ಅಥವಾ ಚೆಲ್ಲಿದ ನೀರು ತಿಳಿ ನೀಲಿಗೆ ತಿರುಗಿದಾಗ ನಿಲ್ಲಿಸಿ. ನೀಲಿ ಬಂತು ಅಂದರೆ ಹುಳಿ ಈಗ ತಾಮ್ರಕ್ಕೆ ಕೈ ಹಾಕಿದೆ. ರಾತ್ರಿಯಿಡೀ ನೆನೆಸಿಡುವುದು ಬೇಡ. ಕೊನೆಗೆ ಒಂದು ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಒಳಗೆ ಆಡಿಸಿ, ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಟಾಯ್ಲೆಟ್ ಆ್ಯಸಿಡ್‌ಗೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳುತ್ತಾರೆ. ಅದು ಹೈಡ್ರೋಕ್ಲೋರಿಕ್. ಸುಣ್ಣವನ್ನು ಬೇಗ ತಿನ್ನುತ್ತದೆ ನಿಜ, ಜೊತೆಗೆ ಬೆಸುಗೆಯನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ. ಅದರ ಮೇಲೆ ಬ್ಲೀಚಿಂಗ್ ಪೌಡರ್ ಬಿದ್ದರೆ ಕ್ಲೋರಿನ್ ಗಾಳಿ. ಇನ್ನು ಪೈಪ್‌ಗೆ ಸಿಕ್ಕಿಸುವ ಆಯಸ್ಕಾಂತದ ಉಂಗುರ ಮಾರುತ್ತಾರಲ್ಲ, 'ಸುಣ್ಣ ಕಟ್ಟೋದೇ ಇಲ್ಲ' ಅಂತ? ಸುಮ್ನೆ ದುಡ್ಡು ದಂಡ. ತಣ್ಣೀರಿನ ಪೈಪ್‌ಗೆ ಹಾಕುವ ಪಾಲಿಫಾಸ್ಫೇಟ್ ಹರಳಿನ ಪುಟ್ಟ ಫಿಲ್ಟರ್ ಪರವಾಗಿಲ್ಲ, ಸುಣ್ಣ ಅಂಟುವುದು ಕಡಿಮೆ ಆಗುತ್ತದೆ. ಹರಳು ಮುಗಿದ ಹಾಗೆ ತುಂಬುತ್ತಿರಬೇಕು.

4. ಬರ್ನರ್

ಒಣ ಬ್ರಷ್‌ನಿಂದ ಧೂಳು ಕೊಡವಿ. ತೂತುಗಳಿಗೆ ಪಿನ್ ಚುಚ್ಚಬೇಡಿ. ನೀರು ಹಾಕಬೇಡಿ.

5. ಸೆಲ್

1.5 ವೋಲ್ಟ್‌ನ ಎರಡು ದಪ್ಪ ಟಾರ್ಚ್ ಸೆಲ್. ಅಲ್ಕಲೈನ್ ಸೆಲ್ಲೇ ತನ್ನಿ. ಅಗ್ಗದವು ಬಾತ್‌ರೂಮಿನ ತೇವಕ್ಕೆ ಸೋರಿ, ಒಳಗಿನ ತಗಡನ್ನು ಹಸಿರು ಮಾಡುತ್ತವೆ. ಹಳೇದೊಂದು ಹೊಸದೊಂದು ಹಾಕಬೇಡಿ. ಹೊತ್ತಿಕೊಳ್ಳುವಾಗ ಡಬ್ ಅಂತ ಸದ್ದು ಬಂದರೆ ಕಿಡಿ ತಡವಾಗುತ್ತಿದೆ ಅಂತ ಅರ್ಥ, ಸೆಲ್ ಬದಲಿಸಿ. ಆಮೇಲೂ ಡಬ್ ಅಂದರೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.

6. ಜೋಡಿಸಿ ನೋಡುವುದು

ವಾಷರ್‌ಗಳನ್ನು ಹೊಸದು ಹಾಕಿ, ಚಿಲ್ಲರೆ ಕಾಸಿಗೆ ಸಿಗುತ್ತವೆ. ಆ ಬಿಲ್ಲೆ ತಾಮ್ರಕ್ಕೆ ತಾಗಿದೆಯೇ ಅಂತ ಫೋಟೊ ನೋಡಿ ಖಚಿತ ಮಾಡಿಕೊಳ್ಳಿ. ಸೆಲ್ ಹಾಕದೆ ಬರೀ ನೀರು ಬಿಟ್ಟು ಎಲ್ಲೂ ತೊಟ್ಟಿಕ್ಕುತ್ತಿಲ್ಲ ಅಂತ ನೋಡಿ. ಆಮೇಲೆ ರೆಗ್ಯುಲೇಟರ್ ಆನ್ ಮಾಡಿ ಗ್ಯಾಸ್ ಪೈಪಿನ ಎರಡೂ ತುದಿಗೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಬಂದರೆ ಅಲ್ಲಿಗೇ ಆಫ್. ಗ್ಯಾಸ್ ಸೋರಿಕೆಗೆ ಸಹಾಯವಾಣಿ 1906. ಪೈಪ್ ಕೇಸರಿ ಬಣ್ಣದ ಸುರಕ್ಷಾ ಹೋಸ್ ಆಗಿರಲಿ. ಅದನ್ನೂ ಐದು ವರ್ಷಕ್ಕೆ ಬದಲಿಸಬೇಕು, ಪೈಪ್ ಮೇಲೇ ವರ್ಷ ಅಚ್ಚಾಗಿರುತ್ತದೆ.

ಬೆಂಕಿ ನೀಲಿಯಾಗಿರಬೇಕು. ಮೊದಲ ಒಂದೆರಡು ನಿಮಿಷ ಧೂಳಿಗೆ ಕೇಸರಿ ಕಿಡಿ ಕಂಡರೆ ಚಿಂತೆಯಿಲ್ಲ. ನಾಲಿಗೆ ಹಳದಿಯಾಗಿಯೇ ಉಳಿದರೆ ಮೆಕ್ಯಾನಿಕ್ ಬಂದು ನೋಡುವ ತನಕ ಆ ಗೀಸರ್ ಬಳಸಬೇಡಿ. ನೀರು ಬರುತ್ತಿದ್ದರೂ ಬೆಂಕಿ ಹೊತ್ತದಿದ್ದರೆ ನೀರಿನ ವಾಲ್ವ್‌ನ ರಬ್ಬರ್ ಪರದೆ ಗಟ್ಟಿಯಾಗಿರಬಹುದು, ಅಥವಾ ಟ್ಯಾಂಕ್ ಎತ್ತರ ಸಾಲದೆ ಒತ್ತಡ ಕಡಿಮೆ ಇರಬಹುದು. ಮೇಲಿನ ಮಹಡಿಯ ಮನೆಗಳಲ್ಲಿ ಹೆಚ್ಚಾಗಿ ಎರಡನೆಯದೇ.

ಕೊನೆಗೆ ಬಕೆಟ್ ಲೆಕ್ಕ. ಆರು ಲೀಟರ್ ಗೀಸರ್ ಅಂದರೆ ನಿಮಿಷಕ್ಕೆ ಆರು ಲೀಟರ್. 18 ಲೀಟರ್ ಬಕೆಟ್ ಸ್ನಾನದ ಬಿಸಿಗೆ ಮೂರು ನಿಮಿಷದ ಆಸುಪಾಸಿನಲ್ಲಿ ತುಂಬಬೇಕು. ಆ ಸಮಯವನ್ನು ತಾರೀಖಿನ ಜೊತೆ ಕವರ್ ಒಳಗೆ ಬರೆದಿಡಿ, ಮುಂದಿನ ವರ್ಷ ಹೋಲಿಸಲು ಬೇಕಾಗುತ್ತದೆ.

ಗೀಸರ್ ಇನ್ನೂ ಬಾತ್‌ರೂಮಿನ ಒಳಗೇ ಇದ್ದರೆ ಇಷ್ಟೆಲ್ಲ ಮಾಡಿಯೂ ಕೆಲಸ ಅರ್ಧ. ಬಾಗಿಲು ಹಾಕಿದ ಪುಟ್ಟ ಬಾತ್‌ರೂಮಿನಲ್ಲಿ ಬೆಂಕಿಯೂ ನೀವೂ ಒಂದೇ ಗಾಳಿಗೆ ಪೈಪೋಟಿ. ಗೀಸರ್ ಸಾವುಗಳ ಸುದ್ದಿಯಲ್ಲಿ ಸಾಮಾನ್ಯವಾಗಿ ಇರುವುದು ಇದೇ ಕಥೆ. ಯುಟಿಲಿಟಿಗೋ ಬಾಲ್ಕನಿಗೋ ಹಾಕಿಸಿ, ಬಿಸಿನೀರನ್ನು ಪೈಪಿನಲ್ಲಿ ಒಳಗೆ ತನ್ನಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ. ಅವರು ಒಪ್ಪುವ ತನಕ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಕಿಟಕಿ ತೆರೆದಿಟ್ಟು, ಆಮೇಲೆ ಸ್ನಾನಕ್ಕೆ ಹೋಗಿ.