ಗ್ಯಾಲ್1 ಮುಂದೆ ಸಾಗಾವನ್ನು ಕೊನೆಗೂ ಹಿಡಿದೆ: ನನ್ನ ಅನುಭವ

ಸಾಗಾ ಅಂದರೆ ಜೀನ್ ಆನ್ ಮಾಡಲು ನೆರವಾಗುವ ದೊಡ್ಡ ಪ್ರೋಟೀನ್ ಗುಂಪು; ಚಿಪ್ ಅಂದರೆ ಒಂದು ಪ್ರೋಟೀನ್ ಡಿಎನ್‌ಎಯ ಯಾವ ಜಾಗದಲ್ಲಿ ಕೂತಿದೆ ಅಂತ ಆಂಟಿಬಾಡಿಯಿಂದ ಹಿಡಿದು ನೋಡುವ ವಿಧಾನ. ಯೀಸ್ಟಿನಲ್ಲಿ ಸಾಗಾ ಚಿಪ್‌ಗೆ ಸಿಗುವುದಿಲ್ಲ, ಬಂದಷ್ಟೇ ಬೇಗ ಹೋಗಿಬಿಡುತ್ತದೆ, ಸುಮ್ನೆ ದುಡ್ಡು ಹಾಳು ಅಂತ ಲ್ಯಾಬಿನಲ್ಲಿ ಮೂರು ಜನ ಹೇಳಿದ್ದರು. ಈಗ ಗ್ಯಾಲಕ್ಟೋಸ್ ಕೊಟ್ಟ 20 ನಿಮಿಷಕ್ಕೆ ಗ್ಯಾಲ್1 (ಗ್ಯಾಲಕ್ಟೋಸ್ ಸಿಕ್ಕಾಗ ಆನ್ ಆಗುವ ಜೀನ್) ಯುಎಎಸ್ ಮೇಲೆ, ಅಂದರೆ ಅದರ ಮುಂದಿರುವ ಸ್ವಿಚ್ ಜಾಗದಲ್ಲಿ, ಸಾಗಾದ ಭಾಗವಾದ ಎಸ್‌ಪಿಟಿ20 ಸುಮಾರು 8 ಪಟ್ಟು ಏರುತ್ತದೆ. ನಾಲ್ಕು ಸಲ ಮಾಡಿದೆ, ನಾಲ್ಕೂ ಸಲ ಬಂತು. ಜೀನ್ ಆನ್ ಮಾಡದ ರಾಫಿನೋಸ್ ಸಕ್ಕರೆಯಲ್ಲಿ ಇಲ್ಲ, ಆಂಟಿಬಾಡಿ ಹಿಡಿಯುವ ಟ್ಯಾಗ್ ಇಲ್ಲದ ಸ್ಟ್ರೇನಿನಲ್ಲೂ ಇಲ್ಲ.

ಮೊದಲ ಎರಡು ತಿಂಗಳು ನುಂಗಿದ್ದು ಗ್ಯಾಲಕ್ಟೋಸ್ ಡಬ್ಬಿ. ಅಗ್ಗದ್ದು ತಂದಿದ್ದೆ, ಅದರಲ್ಲಿ ಗ್ಲೂಕೋಸ್ ಸೇರಿತ್ತು, ಜೀನ್ ಆನ್ ಆಗಲೇ ಇಲ್ಲ. ನಾನು ಮಾತ್ರ ಆಂಟಿಬಾಡಿ ಸರಿಯಿಲ್ಲ ಅಂದುಕೊಂಡು ಇನ್ನೆರಡು ತರಿಸಿದೆ, ಆರು ತಿಂಗಳ ದುಡ್ಡು ಅಲ್ಲಿಗೇ ಮುಗಿಯಿತು. ಜೀನ್ ಆನ್ ಆಗಿದೆಯಾ ಅಂತ ಮೊದಲು ಆರ್‌ಎನ್‌ಎ ನೋಡಬೇಕಿತ್ತು, ಅಲ್ವಾ? ನೀವಾದರೂ ನೋಡಿ.

ಒಳ್ಳೆಯ ಗ್ಯಾಲಕ್ಟೋಸ್ ಬಂದ ಮೇಲೂ ಪ್ರೋಟೀನನ್ನು ಡಿಎನ್‌ಎಗೆ ಅಂಟಿಸುವ (ಕ್ರಾಸ್‌ಲಿಂಕ್ ಮಾಡುವ) ಫಾರ್ಮಾಲ್ಡಿಹೈಡ್ ಒಂದರಲ್ಲೇ ಒಂದೂವರೆ ಪಟ್ಟು ದಾಟಲಿಲ್ಲ. ಸಾಗಾ ಕೂತಿರುವುದು ಡಿಎನ್‌ಎ ಹಿಡಿದಿರುವ ಗ್ಯಾಲ್4 ಪ್ರೋಟೀನ್ ಮೇಲೆ, ಡಿಎನ್‌ಎ ಮೇಲಲ್ಲ. ಅಷ್ಟು ಗಿಡ್ಡ ಕೊಂಡಿ ಅಲ್ಲಿಗೆ ಎಟುಕುತ್ತಿಲ್ಲ ಅನ್ನಿಸಿತು. ಹಾಗಾಗಿ ಮೊದಲು ಪ್ರೋಟೀನಿಗೆ ಪ್ರೋಟೀನ್ ಅಂಟಿಸುವ, ಉದ್ದ ಕೊಂಡಿಯ ಡಿಎಂಎ (ಡೈಮೀಥೈಲ್ ಅಡಿಪಿಮಿಡೇಟ್), 10 ಮಿಲಿಮೋಲಾರ್, ಮುಕ್ಕಾಲು ಗಂಟೆ. ಆಮೇಲೆ 1% ಫಾರ್ಮಾಲ್ಡಿಹೈಡ್. ಮೊದಲ ಸಲ ಅದೂ ಕೆಟ್ಟಿತು, ಯಾಕೆಂದರೆ ಕೋಶಗಳನ್ನು ಟ್ರಿಸ್ ಬಫರಿನಲ್ಲಿ ತೊಳೆದಿದ್ದೆ. ಟ್ರಿಸ್‌ನ ಅಮೀನೇ ಡಿಎಂಎಯನ್ನು ತಿಂದುಹಾಕಿತು. ಮೀಡಿಯಾ ಪೂರ್ತಿ ಹೋಗುವ ಹಾಗೆ, ಅಮೀನ್ ಇಲ್ಲದ ಪಿಬಿಎಸ್ ಬಫರಿನಲ್ಲೇ ತೊಳೆಯಿರಿ. ಎರಡು ಸಲ ಕ್ರಾಸ್‌ಲಿಂಕ್ ಆದ ಕ್ರೊಮ್ಯಾಟಿನ್ ಬೇಗ ಒಡೆಯುವುದೂ ಇಲ್ಲ, ಶಬ್ದದ ಅಲೆಯಿಂದ ಒಡೆಯುವ ಸೋನಿಕೇಟರ್ ಹೆಚ್ಚುಕಮ್ಮಿ ಎರಡರಷ್ಟು ಓಡಿಸಿದೆ. ಮಣಿ ಹಾಕಿ ಒಡೆಯುವಾಗ ಮಧ್ಯೆ ಎಷ್ಟು ಹೊತ್ತು ಐಸಿನಲ್ಲಿ ಇಡುತ್ತೇನೆ, ವಾಶ್‌ನಲ್ಲಿ ಉಪ್ಪು ಎಷ್ಟು, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕೈ ಕೂಡಿಬಂದಿತ್ತಲ್ಲ, ಪಕ್ಕದಲ್ಲೇ ಇನ್ನೊಂದು ನೋಡಿದೆ. ಜಿಸಿಎನ್5 (ಸಾಗಾದಲ್ಲಿ ಅಸಿಟೈಲ್ ಹಚ್ಚುವ ಭಾಗ) ತೆಗೆದ ಸ್ಟ್ರೇನಿನಲ್ಲಿ ಟಿಬಿಪಿ (ಜೀನಿನ ಟಾಟಾ ಅನ್ನುವ ಜಾಗದಲ್ಲಿ ಕೂರುವ ಪ್ರೋಟೀನ್) ಗ್ಯಾಲ್1ಗೆ ಹೆಚ್ಚುಕಮ್ಮಿ ಮೊದಲಿನಷ್ಟೇ ಬಂತು. ಸಾಗಾದ ಇನ್ನೊಂದು ಭಾಗ ಎಸ್‌ಪಿಟಿ3 ತೆಗೆದಾಗ ಟಿಬಿಪಿ ಕಾಲು ಭಾಗಕ್ಕೆ ಕುಸಿಯಿತು, ಸಾಗಾ ಮಾತ್ರ ಯುಎಎಸ್ ಮೇಲೆ ಹಾಗೇ ಕೂತಿತ್ತು. ಇದು ಹಳೆಯ ವಿಷಯವೇ, ಗೊತ್ತು. ಆದರೂ ಅಸಿಟೈಲ್ ಹಚ್ಚುವ ಕೆಲಸ ಬೇರೆ, ಟಿಬಿಪಿಯನ್ನು ಕೈಹಿಡಿದು ಟಾಟಾಗೆ ತರುವ ಕೆಲಸ ಬೇರೆ ಅನ್ನುವುದನ್ನು ನನ್ನದೇ ಕ್ಯುಪಿಸಿಆರ್ (ಡಿಎನ್‌ಎ ಅಳೆಯುವ ವಿಧಾನ) ಪ್ಲೇಟಿನಲ್ಲಿ ನೋಡಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅದೇ ಸ್ಯಾಂಪಲ್ ಮತ್ತೆ ಓಡಿಸಿದೆ, ಅದೇ ಬಂತು. ಅನುಮಾನ ಪಟ್ಟ ಮೂವರಲ್ಲಿ ಒಬ್ಬರು ಈಗ ಮೀಡಿಯೇಟರ್ ಅನ್ನುವ ಇನ್ನೊಂದು ಪ್ರೋಟೀನ್ ಗುಂಪನ್ನು ಹಿಡಿಯಲು ನನ್ನ ಡಿಎಂಎ ಸ್ಟಾಕ್ ಕೇಳಿದ್ದಾರೆ. ಸ್ಟಾಕ್ ಮಾಡಿಟ್ಟರೆ ಕೆಡುತ್ತದೆ, ಆಗಿಂದಾಗಲೇ ಕಲಸಿಕೊಳ್ಳಿ ಅಂತ ಪುಡಿಯನ್ನೇ ಕೊಟ್ಟೆ.