ಲಿನಕ್ಸ್ ರೈಟ್‌ಬ್ಯಾಕ್‌ಗೆ ಟೆಸ್ಟ್ ಸೂಟ್ ಕಟ್ಟುವುದು ಹೇಗೆ?

ಡಿಡಿ ಕಮಾಂಡಿನಿಂದ ಫೈಲ್ ಬರೆದಾಗ ‘ಸೆಕೆಂಡಿಗೆ ಒಂದೂವರೆ ಜಿಬಿ’ ಅಂತ ಬಂದರೆ ಹಿಗ್ಗಬೇಡಿ, ಅದು ರ‍್ಯಾಮ್ ವೇಗ. ಲಿನಕ್ಸ್ ಮೊದಲು ರ‍್ಯಾಮಿನ ‘ಪೇಜ್ ಕ್ಯಾಶ್’ಗೆ ಬರೆದುಕೊಂಡು, ಆಮೇಲೆ ಡಿಸ್ಕಿಗೆ ಸಾಗಿಸುತ್ತದೆ. ಆ ಸಾಗಣೆಯೇ ರೈಟ್‌ಬ್ಯಾಕ್. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಇಳಿದಷ್ಟು ಬೇಗ ತೂಕ ಆಗುವುದಿಲ್ಲವಲ್ಲ! ಇಳಿದು ಕೂತ ಚೀಲಗಳೇ ಡರ್ಟಿ ಪೇಜ್, ಅಂದರೆ ಡಿಸ್ಕಿಗೆ ಇನ್ನೂ ಹೋಗದ ಡೇಟಾ. ಅಂಗಳ ತುಂಬಿದ ಮೇಲೆ ಹೊರಗೆ ನಿಂತ ಗಾಡಿಗಳ ಗತಿ ಏನು? ಟೆಸ್ಟ್ ಅಳೆಯಬೇಕಾದದ್ದು ಅದನ್ನು.

ಮೊದಲು ರ‍್ಯಾಮ್ ಕಡಿಮೆ ಮಾಡಿ. ಬೂಟ್ ಸಾಲಿನಲ್ಲಿ (ಶುರುವಾಗುವಾಗ ಕರ್ನಲ್‌ಗೆ ಕೊಡುವ ಆಯ್ಕೆಗಳು) ‘ಮೆಮ್’ಗೆ 4 ಜಿಬಿ ಕೊಟ್ಟು 8 ಜಿಬಿ ಫೈಲ್ ಬರೆಯಿರಿ. ಕರ್ನಲ್ ಡೀಫಾಲ್ಟ್‌ನಲ್ಲಿ ಡರ್ಟಿ ಬ್ಯಾಕ್‌ಗ್ರೌಂಡ್ ರೇಷಿಯೊ 10, ಡರ್ಟಿ ರೇಷಿಯೊ 20. ಈ ಶೇಕಡಾ ಲೆಕ್ಕ ಪೂರ್ತಿ ರ‍್ಯಾಮ್ ಮೇಲಲ್ಲ, ಬಳಕೆಗೆ ಸಿಗುವ ಮೆಮೊರಿ ಮೇಲೆ. 3,500 ಎಂಬಿ ಸಿಕ್ಕರೆ 350ಕ್ಕೆ ಹಿನ್ನೆಲೆಯಲ್ಲಿ ಬರೆಯುವುದು ಶುರು, 700 ಮೇಲ್ಮಿತಿ. ಆದರೆ ಪ್ರೋಗ್ರಾಂಗೆ ಬ್ರೇಕ್ ಬೀಳುವುದು ಎರಡರ ನಡುವೆ, 525ರ ಸುಮಾರಿಗೆ. ಪ್ರೊಕ್ ಮೆಮ್‌ಇನ್ಫೊದ ‘ಡರ್ಟಿ’, ‘ರೈಟ್‌ಬ್ಯಾಕ್’ ಸಾಲುಗಳನ್ನು ಸೆಕೆಂಡಿಗೊಮ್ಮೆ ಲಾಗ್ ಮಾಡಿದರೆ ಎರಡರ ಮೊತ್ತ 525–700ರ ನಡುವೆ ತೂಗಾಡುವುದು ಕಾಣುತ್ತದೆ. ಅಲ್ಲಿಗೆ ಏರಲೇ ಇಲ್ಲವೆಂದರೆ ನಿಮ್ಮ ಲೋಡ್ ಸಾಲದು.

ಡಿಸ್ಕಿಗೆ ಲೋಡ್ ಹಾಕಿ ಅಳೆಯುವ ಎಫ್‌ಐಒ ಟೂಲ್‌ನಲ್ಲಿ ನಾಲ್ಕು ಜಾಬ್ ಸಾಕು: ಒಬ್ಬನೇ ಬರೆಯುವುದು, ಹತ್ತು ಮಂದಿ ಒಟ್ಟಿಗೆ ಬರೆಯುವುದು, ಎಸ್‌ಎಸ್‌ಡಿ ಜೊತೆ ಪೆನ್‌ಡ್ರೈವ್, ಮತ್ತು ಭಾರೀ ಬರೆಯುವಿಕೆ ನಡೆದಿರುವಾಗ 4 ಕೆಬಿ ರ‍್ಯಾಂಡಮ್ ಓದು. ಕೊನೆಯದೇ ಮುಖ್ಯ, ಅದರಲ್ಲಿ ಸರಾಸರಿ ಬಿಡಿ, 99ನೇ ಪರ್ಸೆಂಟೈಲ್ ಲೇಟೆನ್ಸಿ (ನೂರರಲ್ಲಿ 99 ಓದು ಎಷ್ಟು ಹೊತ್ತಿನೊಳಗೆ ಮುಗಿದವು) ನೋಡಿ. ಓದುವ ಜಾಬ್‌ಗೆ ಡೈರೆಕ್ಟ್ ಐಒ ಇರಲಿ, ಬರೆಯುವ ಜಾಬ್‌ಗೆ ಅಪ್ಪಿತಪ್ಪಿಯೂ ಬೇಡ: ಪೇಜ್ ಕ್ಯಾಶ್ ದಾಟಿ ಹೋದರೆ ಅಳೆಯಲು ರೈಟ್‌ಬ್ಯಾಕೇ ಇರುವುದಿಲ್ಲ. ಡೇಟಾ ಡಿಸ್ಕಿಗೆ ಪೂರ್ತಿ ಸೇರುವವರೆಗೂ ಜಾಬ್ ಮುಗಿಯದಂತೆ ‘ಎಂಡ್ ಎಫ್‌ಸಿಂಕ್’ ಹಾಕಿ. ಸೆಕೆಂಡಿಗೆ 10 ಎಂಬಿ ವೇಗದ ಪೆನ್‌ಡ್ರೈವ್‌ಗೆ 8 ಜಿಬಿ ಕೊಟ್ಟರೆ ಹದಿಮೂರು ನಿಮಿಷ ಕಾಯಬೇಕು. 2 ಜಿಬಿ ಕೊಡಿ.

ಪ್ರತಿ ಸುತ್ತಿನ ನಡುವೆ ಫೈಲ್ ಅಳಿಸಿ, ಸಿಂಕ್ ಮಾಡಿ, ಆಮೇಲೆ ಕ್ಯಾಶ್ ಖಾಲಿ ಮಾಡುವ ಡ್ರಾಪ್ ಕ್ಯಾಶಸ್‌ಗೆ 3 ಬರೆಯಿರಿ. ಈ ಕ್ರಮ ತಪ್ಪಬಾರದು, ಯಾಕೆಂದರೆ ಡ್ರಾಪ್ ಕ್ಯಾಶಸ್ ಡರ್ಟಿ ಪೇಜನ್ನು ಮುಟ್ಟುವುದಿಲ್ಲ. ಎಸ್‌ಎಸ್‌ಡಿಗೆ ಎಫ್‌ಸ್ಟ್ರಿಮ್ (ಖಾಲಿಯಾದ ಜಾಗವನ್ನು ಅದಕ್ಕೆ ತಿಳಿಸುವ ಕಮಾಂಡ್) ಕೂಡ. ಐದು ಸುತ್ತು ಓಡಿಸಿ ಮೀಡಿಯನ್ ತೆಗೆಯಿರಿ.

ಮೊದಲ ಸುತ್ತು ಚುರುಕಾಗಿ, ಮೂರನೆಯದು ಕುಂಟಿದರೆ ಎಸ್‌ಎಸ್‌ಡಿಯೊಳಗಿನ ವೇಗದ ತಾತ್ಕಾಲಿಕ ಜಾಗವಾದ ಎಸ್‌ಎಲ್‌ಸಿ ಕ್ಯಾಶ್ ತುಂಬಿರಬಹುದು, ಇಲ್ಲವೇ ಎಸ್‌ಎಸ್‌ಡಿ ಬಿಸಿಯಾಗಿರಬಹುದು. ಹುಬ್ಬಳ್ಳಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಎರಡನೆಯದೇ ಹೆಚ್ಚು. ಡಿಸ್ಕಿನ ಸ್ಥಿತಿ ತೋರಿಸುವ ಸ್ಮಾರ್ಟ್‌ಸಿಟಿಎಲ್‌ ಕಮಾಂಡಿನಿಂದ ಉಷ್ಣಾಂಶವನ್ನೂ ಲಾಗ್‌ಗೆ ಸೇರಿಸಿ. ನಡುವೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಜಾರಿದ ಸುತ್ತನ್ನು ಎಸೆದುಬಿಡಿ, ಸಿಪಿಯು ವೇಗವೇ ಬದಲಾಗಿರುತ್ತದೆ.

ಇನ್ನೊಂದು: ಮಿತಿಯನ್ನು ಶೇಕಡಾ ಬದಲು ಬೈಟ್‌ಗಳಲ್ಲಿ ಹೇಳುವ ಡರ್ಟಿ ಬೈಟ್ಸ್‌ಗೆ ಅಂಕಿ ಕೊಟ್ಟ ಕೂಡಲೇ ಡರ್ಟಿ ರೇಷಿಯೊ 0 ಆಗುತ್ತದೆ. ಹಳೆಯ ಅಂಕಿಗಳನ್ನು ಸ್ಕ್ರಿಪ್ಟ್ ಶುರುವಿನಲ್ಲೇ ಬರೆದಿಟ್ಟು, ಮುಗಿದ ಮೇಲೆ ರೇಷಿಯೊವನ್ನೇ ವಾಪಸ್ ಹಾಕಿ.