ಗುಂಡನನ್ನು ತಿಪಟೂರಿಗೆ ಕಳಿಸಿದ್ದು

ಜೂನ್ ತಿಂಗಳ ಒಂದು ಬೆಳಿಗ್ಗೆ ಅಮ್ಮ ತುಳಸಿಗೆ ನೀರು ಹಾಕಿ ತಿರುಗಿದಳು. ಗೇಟಿನ ಹತ್ತಿರ ಮಲಗಿದ್ದ ನಮ್ಮ ನಾಯಿ ಗುಂಡ ಓಡಿ ಬಂದು ಮುಂಗಾಲೆರಡನ್ನೂ ಅವಳ ಎದೆಗೆ ಕೊಟ್ಟ. ದಿನಾ ಮಾಡುವುದೇ ಅದು. ಅವತ್ತು ಮಾತ್ರ ಹಿಂದಿನ ರಾತ್ರಿ ಮಳೆ ಬಂದು ಅಂಗಳದ ಕಲ್ಲು ಜಾರುತ್ತಿತ್ತು. ಗುಂಡ 32 ಕೆಜಿ, ಅಮ್ಮ 46. ಅಮ್ಮ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದು, ಆಪರೇಷನ್ ಮಾಡಿ ಕೃತಕ ಬಾಲ್ ಹಾಕಿದರು. ಅಮ್ಮನಿಗೆ ಆಗ 71 ವರ್ಷ.

ಗುಂಡನದು ತಪ್ಪಲ್ಲ. ನಾಲ್ಕು ವರ್ಷದ ಲ್ಯಾಬ್ರಡಾರ್, ಪ್ರೀತಿ ಉಕ್ಕಿದರೆ ಮೈಮೇಲೆ ಬರುವುದು ಬಿಟ್ಟು ಬೇರೆ ದಾರಿ ಅವನಿಗೆ ಗೊತ್ತಿಲ್ಲ. ಅದನ್ನು ಮರಿಯಿದ್ದಾಗಲೇ ಬಿಡಿಸಬೇಕಿತ್ತು. ಆಗ ಅದು ಮುದ್ದಾಗಿ ಕಂಡಿತು, ಬಿಡಿಸಲಿಲ್ಲ. ಅಮ್ಮ ಇನ್ನೊಂದು ಸಲ ಬಿದ್ದರೆ ಎದ್ದು ಓಡಾಡುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ನಾನು ಶಾಲೆಗೆ, ಯಜಮಾನರು ಆಫೀಸಿಗೆ, ಮಗಳು ಕಾಲೇಜಿಗೆ ಹೋದ ಮೇಲೆ ತುಮಕೂರಿನ ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ ಸಂಜೆ ಐದರವರೆಗೆ ಇರುವವರು ಅಮ್ಮ, ಗುಂಡ ಇಬ್ಬರೇ.

ಎರಡೂವರೆ ತಿಂಗಳು ಏನೆಲ್ಲ ಮಾಡಿದೆವು. ಹಾಲಿಗೂ ಅಡುಗೆಮನೆಗೂ ನಡುವೆ ಕಬ್ಬಿಣದ ಜಾಲರಿ ಗೇಟು ಹಾಕಿಸಿದೆವು. ಟ್ರೈನರ್ ಒಬ್ಬರನ್ನು ಕರೆಸಿದೆವು. ಅವರ ಮುಂದೆ ಗುಂಡ ಬಹಳ ಸಭ್ಯ. ಅಮ್ಮನ ವಾಕರ್ ಸದ್ದು ಕೇಳಿದ ಕೂಡಲೇ ಕಲಿತದ್ದೆಲ್ಲ ಮರೆತು ಕುಣಿಯುತ್ತಿದ್ದ. ಕೊನೆಗೆ ಹಗಲೆಲ್ಲ ಹಿತ್ತಲಲ್ಲಿ ಕಟ್ಟಲು ಶುರುಮಾಡಿದೆವು. ಎರಡೇ ವಾರಕ್ಕೆ ಬಲ ಮುಂಗಾಲನ್ನು ನೆಕ್ಕಿ ನೆಕ್ಕಿ ಕೂದಲು ಉದುರಿ ಹಸಿ ಗಾಯ ಮಾಡಿಕೊಂಡ. ಮೈಗೆ ಕೆಲಸ, ಮನಸ್ಸಿಗೆ ಜೊತೆ ಇಲ್ಲದ ನಾಯಿಗಳು ಹೀಗೆ ಮಾಡಿಕೊಳ್ಳುವುದುಂಟು ಎಂದು ಪಶು ಆಸ್ಪತ್ರೆಯಲ್ಲಿ ಹೇಳಿದರು. ಆ ಗಾಯ ನೋಡಿದ ರಾತ್ರಿಯೇ ನಾನೂ ಯಜಮಾನರೂ ಮೊದಲ ಸಲ ‘ಕೊಡೋಣ’ ಎಂಬ ಮಾತನ್ನು ಬಾಯಿಬಿಟ್ಟು ಆಡಿದೆವು. ಅಮ್ಮನಿಗೆ ಹೇಳಲು ಇನ್ನೂ ನಾಲ್ಕು ದಿನ ಹಿಡಿಯಿತು. ಅವಳು ಏನೂ ಅನ್ನಲಿಲ್ಲ. ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ.

ಸುದ್ದಿ ಗೊತ್ತಾದ ಮೇಲೆ ಸಲಹೆಗಳು ಬಂದವು. ‘ಸಿದ್ಧಗಂಗಾ ಮಠದ ಹತ್ತಿರ ಬಿಟ್ಟುಬಿಡಿ ಮೇಡಂ, ದಾಸೋಹದ ಅನ್ನ ಸಿಗುತ್ತೆ, ಹೊಟ್ಟೆಗೆ ಮೋಸ ಇಲ್ಲ’ ಎಂದರು ಪಕ್ಕದ ಮನೆಯವರು. ದೇವರಾಯನದುರ್ಗದ ಕಾಡಿನ ರಸ್ತೆ ತೋರಿಸಿದವರೂ ಇದ್ದಾರೆ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಪ್ರತಿ ಬೀದಿಗೂ ಅದರದೇ ನಾಯಿಗಳ ಗುಂಪಿರುತ್ತದೆ, ಹೊಸದು ಬಂದರೆ ಸುಮ್ಮನೆ ಬಿಡುವುದಿಲ್ಲ. ಸೋಫಾ ಮೇಲೆ ಮಲಗಿ ಬೆಳೆದವನು ಅಲ್ಲಿ ಎರಡು ದಿನ ಉಳಿಯುವುದೂ ಅನುಮಾನ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧವೂ ಹೌದು. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ ಅಷ್ಟೇ ಎಂದು ಓದಿದಾಗ ನನಗೆ ಸಿಟ್ಟು ಬಂತು.

ಇನ್ನೊಂದು ಸಲಹೆ ಎಲ್ಲರ ಬಾಯಲ್ಲೂ ಇತ್ತು: ‘ತೋಟದ ಮನೆಗೆ ಕೊಡಿ, ಆರಾಮಾಗಿರುತ್ತೆ.’ ನಾನೂ ನಂಬಿದೆ. ಗುಬ್ಬಿ ಕಡೆಯ ಪರಿಚಯದ ಒಬ್ಬರು ಒಪ್ಪಿದರು. ನಾಲ್ಕು ಎಕರೆ ಅಡಿಕೆ, ತೆಂಗು. ಗುಂಡ ಬಾಳೆಗಿಡಗಳ ನಡುವೆ ಓಡಾಡುವುದನ್ನು ಕಣ್ಣಲ್ಲಿ ಕಟ್ಟಿಕೊಂಡೇ ಸೆಪ್ಟೆಂಬರಿನಲ್ಲಿ ಬಿಟ್ಟು ಬಂದೆವು. ಅವನು ರಾತ್ರಿ ಎಲ್ಲಿ ಮಲಗುತ್ತಾನೆ ಎಂದು ನಾನು ಕೇಳಲಿಲ್ಲ. ಮೂಳೆ ಕಚ್ಚಿಕೊಂಡಾಗ ಹತ್ತಿರ ಹೋದರೆ ಗುರ್ ಅನ್ನುತ್ತಾನೆ ಎಂದು ಅವರಿಗೆ ಹೇಳಲೂ ಇಲ್ಲ. ಹೇಳಿದರೆ ಬೇಡ ಎಂದಾರು ಎಂಬ ಭಯ.

ಫೋನ್ ಮಾಡಿದಾಗೆಲ್ಲ ‘ಚೆನ್ನಾಗವ್ನೆ’ ಅನ್ನುತ್ತಿದ್ದರು. ಒಂಬತ್ತನೆಯ ದಿನ ಹೇಳದೆ ಹೋದೆವು. ಪಂಪ್‌ಹೌಸ್ ಪಕ್ಕದ ಕಂಬಕ್ಕೆ ಸರಪಳಿಯಲ್ಲಿ ಕಟ್ಟಿದ್ದರು. ಎಳೆದಾಡಿ ಕುತ್ತಿಗೆಯ ಚರ್ಮ ಕಿತ್ತಿತ್ತು. ಕಿವಿಯೊಳಗೆ ಉಣ್ಣೆಹುಳುಗಳು ಗೊಂಚಲುಗೊಂಚಲಾಗಿ ಕಚ್ಚಿಕೊಂಡಿದ್ದವು. ಮೊದಲನೇ ದಿನವೇ ಮೂಳೆಯ ವಿಷಯಕ್ಕೆ ಆ ಮನೆಯ ಹುಡುಗನ ಮೇಲೆ ಗುರುಗುಟ್ಟಿದ್ದನಂತೆ, ಹೆದರಿ ದೂರ ಕಟ್ಟಿದ್ದಾರೆ. ಅವರು ಕ್ರೂರಿಗಳಲ್ಲ. ಅವರಿಗೆ ಬೇಕಿದ್ದದ್ದು ತೋಟ ಕಾಯುವ ನಾಯಿ, ನಾನು ಕೊಟ್ಟದ್ದು ಮಡಿಲಲ್ಲಿ ಬೆಳೆದದ್ದು. ಹೊರಡುವಾಗ ಆ ತೋಟದ ಯಜಮಾನರೇ ಹೇಳಿದರು, ಹಿಂದಿನ ನಾಯಿಯನ್ನು ಅದೇ ಕಂಬದಿಂದ ಚಿರತೆ ಹೊತ್ತುಕೊಂಡು ಹೋಯಿತು ಎಂದು. ನಮ್ಮ ಜಿಲ್ಲೆಯ ತೋಟಗಳಿಗೆ ಚಿರತೆ ಬರುವುದು ಹೊಸದೇನಲ್ಲ, ಕಟ್ಟಿದ ನಾಯಿ ಅದಕ್ಕೆ ಸುಲಭದ ತುತ್ತು. ಚಿರತೆ ಕಾಟಕ್ಕೆ ಕುರಿ ಕಾಯುವವರು ತಮ್ಮ ನಾಯಿಗಳ ಕೊರಳಿಗೆ ಮುಳ್ಳಿನ ಪಟ್ಟಿ ಹಾಕುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಆದರೂ ಹೊಳೆದಿರಲಿಲ್ಲ. ಗುಂಡನನ್ನು ಕಾರಿಗೆ ಹತ್ತಿಸಿಕೊಂಡು ಬಂದೆ. ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ಗದ್ದ ಇಟ್ಟುಕೊಂಡಿದ್ದ.

ಅವನನ್ನು ಮತ್ತೆ ಮನೆಗೆ ತಂದೆವಲ್ಲ, ಅಮ್ಮನನ್ನು ಮುಂದಿನ ರೂಮಿನಲ್ಲಿ ಮಲಗಿಸಿ, ಹಗಲಿಗೆ ಒಬ್ಬ ಹೆಂಗಸನ್ನು ಗೊತ್ತು ಮಾಡಿದೆವು. ಖರ್ಚಾಯಿತು. ಹೆಚ್ಚು ದಿನ ನಡೆಯುವ ಏರ್ಪಾಡಲ್ಲ, ಆದರೆ ಈ ಸಲ ಅವಸರ ಮಾಡಬಾರದು ಎಂದು ಗಟ್ಟಿ ಮಾಡಿಕೊಂಡಿದ್ದೆ. ಉಣ್ಣೆ ಬಿಡಿಸಿ ಔಷಧಿ ಹಾಕಿಸಿದೆವು. ಉಣ್ಣೆ ಜ್ವರ ಬರಬಹುದೆಂದು ಡಾಕ್ಟರು ಹೆದರಿಸಿದ್ದರಿಂದ ಮೂರು ವಾರ ಅವನ ಊಟ, ಮೂಗು, ವಸಡು ನೋಡಿಕೊಂಡೆ. ಊಟ ಬಿಟ್ಟರೆ, ಮೂಗಿನಲ್ಲಿ ರಕ್ತ ಕಂಡರೆ ತಡಮಾಡಬೇಡಿ ಎಂದಿದ್ದರು. ಪುಣ್ಯಕ್ಕೆ ಏನೂ ಆಗಲಿಲ್ಲ.

ವಾಟ್ಸಾಪ್ ಗ್ರೂಪುಗಳಲ್ಲಿ ಫೋಟೋ ಹಾಕಿದ್ದಕ್ಕೆ ಬಂದ ಕರೆಗಳಲ್ಲಿ ಮುಕ್ಕಾಲು ಪಾಲು ‘ಕೆಸಿಐ ಪೇಪರ್ ಇದ್ಯಾ? ಕ್ರಾಸಿಂಗ್ ಆಗಿದ್ಯಾ?’ ಎಂದೇ ಶುರುವಾದವು. ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡುವ ತಳಿಯ ಕಾಗದ ಇದೆಯೇ, ಹೆಣ್ಣು ನಾಯಿಯ ಜೊತೆ ಕೂಡಿಸಿದ್ದೀರಾ ಎಂದು ಅರ್ಥ. ಜಾತಿ ನಾಯಿ ಬಿಟ್ಟಿ ಸಿಗುತ್ತದೆಂದರೆ ಮರಿ ಮಾರುವವರು ಮೊದಲು ಬರುತ್ತಾರೆ. ಅದಕ್ಕೇ ಅಕ್ಟೋಬರಿನಲ್ಲಿ ಗುಂಡನಿಗೆ ಸಂತಾನಹರಣ ಮಾಡಿಸಿದೆ. ಹೊಲಿಗೆ ಮಾಯಲು ಹತ್ತು ಹನ್ನೆರಡು ದಿನ. ‘ಆಪರೇಷನ್ ಆಗಿದೆ’ ಎಂದು ಬರೆದದ್ದೇ ತಡ, ಆ ಕರೆಗಳು ನಿಂತವು. ನಾಯಿ ಕೊಡುವವರು ಬೇರೇನು ಮಾಡದಿದ್ದರೂ ಇದೊಂದನ್ನು ಮಾಡಿಯೇ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮನೆ ಸಿಕ್ಕಿದ್ದು ಪಶು ಆಸ್ಪತ್ರೆಯಲ್ಲಿ. ಹೊಲಿಗೆ ತೋರಿಸಲು ಹೋದಾಗ ಡಾಕ್ಟರು, ‘ನಾಯಿ ಬೇಕು ಅನ್ನೋರ್ನ ಯಾಕೆ ಹುಡುಕ್ತೀರಿ ಮೇಡಂ? ನಾಯಿ ವಯಸ್ಸಾಗಿ ಸತ್ತ ಮನೆ ಹುಡುಕಿ’ ಎಂದರು. ಹದಿಮೂರು ವರ್ಷ ಒಂದು ನಾಯಿ ಒಂದೇ ಮನೆಯಲ್ಲಿ ಬದುಕಿ, ಕೊನೆಯ ತಿಂಗಳುಗಳಲ್ಲಿ ಕಾಲು ಬಾರದಾಗ ಅವರೇ ಎತ್ತಿಕೊಂಡು ಆಸ್ಪತ್ರೆಗೆ ತಂದಿದ್ದರೆ, ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾವುದಿದೆ? ಇದು ಪಶುವೈದ್ಯರಿಗೂ ಕಾಂಪೌಂಡರಿಗೂ ಗೊತ್ತಿರುತ್ತದೆ, ಬೇರೆ ಯಾರಿಗೂ ಗೊತ್ತಿರುವುದಿಲ್ಲ. ತಿಪಟೂರಿನಲ್ಲಿದ್ದ ಅವರ ಸ್ನೇಹಿತರಿಗೆ ಫೋನ್ ಹಚ್ಚಿ ವಿಚಾರಿಸಿದರು. ಅಂಥ ಮನೆಯೊಂದು ಸಿಕ್ಕಿತು: ರಿಟೈರ್ಡ್ ಮೇಷ್ಟ್ರು ಮತ್ತು ಅವರ ಹೆಂಡತಿ. ಹಿಂದಿನ ವರ್ಷ ಅವರ ನಾಯಿ ತೀರಿಕೊಂಡಿತ್ತು. ಮರಿ ಸಾಕುವ ಶಕ್ತಿ ಇಲ್ಲ ಎಂದು ಸುಮ್ಮನಿದ್ದರು.

ಅವರಿಗೆ ಕೊಡುವ ಮುಂಚೆ ಎರಡು ಸಲ ನಮ್ಮ ಮನೆಗೆ ಬರಬೇಕು ಎಂದೆ. ಎಪ್ಪತ್ತಕ್ಕೂ ಹೆಚ್ಚು ಕಿಲೋಮೀಟರು. ‘ಬರ್ತೀವಿ ಬಿಡಿ ಮೇಡಂ, ಹೆಣ್ಣು ನೋಡೋಕೆ ಬಂದ ಹಾಗೆ’ ಎಂದರು ಮೇಷ್ಟ್ರು. ಮೊದಲ ಸಲ ಆ ಅಕ್ಕ ಸುಮ್ಮನೆ ನೆಲದ ಮೇಲೆ ಕೂತರು, ಕರೆಯಲಿಲ್ಲ. ಗುಂಡ ತಾನಾಗಿಯೇ ಹೋಗಿ ಅವರ ಸೆರಗು ಮೂಸಿದ. ಅವರ ಮೈಮೇಲೆ ಹಾರಿದಾಗ ಅವರು ಕೂಗಲೂ ಇಲ್ಲ, ತಳ್ಳಲೂ ಇಲ್ಲ. ಎದ್ದು ಬೆನ್ನು ತಿರುಗಿಸಿ ನಿಂತರು, ನಾಲ್ಕೂ ಕಾಲು ನೆಲಕ್ಕೆ ಬಂದ ಮೇಲೆ ತಲೆ ಸವರಿದರು. ಟ್ರೈನರ್ ಹೇಳಿಕೊಟ್ಟಿದ್ದೂ ಅದೇ.

ಈ ಸಲ ಏನನ್ನೂ ಮುಚ್ಚಿಡಲಿಲ್ಲ. ಎರಡು ಹಾಳೆ ತುಂಬ ಬರೆದು ಕೊಟ್ಟೆ. ಮೂಳೆ ವಿಷಯ ಮೊದಲ ಸಾಲು. ಪಟಾಕಿಗೆ ಮಂಚದ ಕೆಳಗೆ ಸೇರುತ್ತಾನೆ, ಎಳೆಯಬೇಡಿ. ಹೆಲ್ಮೆಟ್ ಹಾಕಿದವರನ್ನು ಕಂಡರೆ ಬೊಗಳುತ್ತಾನೆ. ಎಡಗಿವಿಯಲ್ಲಿ ಮಳೆಗಾಲಕ್ಕೆ ಕೀವು ಬರುತ್ತದೆ. ಈರುಳ್ಳಿ ಹಾಕಿದ ಸಾರು ಕಲಸಬೇಡಿ, ಈರುಳ್ಳಿ ನಾಯಿಗಳ ರಕ್ತಕ್ಕೆ ವಿಷ. ದ್ರಾಕ್ಷಿ, ಚಾಕಲೇಟ್ ಬೇಡವೇ ಬೇಡ. ಬೇಯಿಸಿದ ಕೋಳಿ ಮೂಳೆ ಸಿಗಿದು ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ರೇಬಿಸ್ ಲಸಿಕೆ ವರ್ಷಕ್ಕೊಮ್ಮೆ, ಮುಂದಿನದು ಯಾವ ತಿಂಗಳು ಎಂದು ಕೆಂಪು ಇಂಕಿನಲ್ಲಿ. ಕೊನೆಗೆ, ಯಾವ ಕಾರಣಕ್ಕಾದರೂ ಆಗದಿದ್ದರೆ ಬೇರೆಯವರಿಗೆ ಕೊಡದೆ ನಮಗೇ ವಾಪಸ್ ಕೊಡಬೇಕು ಎಂದು ಬರೆದು ಇಬ್ಬರೂ ಸಹಿ ಹಾಕಿದೆವು. ಕೋರ್ಟಿಗೆ ಹೋಗುವ ಕಾಗದವಲ್ಲ. ಆದರೂ ಅದಕ್ಕೊಂದು ಭಾರ ಇತ್ತು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

ದೀಪಾವಳಿ ಮುಗಿಯುವವರೆಗೆ ಕಳಿಸಲಿಲ್ಲ. ಹೊಸ ಜಾಗದಲ್ಲಿ ಪಟಾಕಿ ಸದ್ದಿಗೆ ಬೆದರಿದ ನಾಯಿ ಗೇಟು ಹಾರಿದರೆ ಮನೆ ದಾರಿ ಗೊತ್ತಿರುವುದಿಲ್ಲ. ಕಾರ್ತಿಕದ ಒಂದು ಭಾನುವಾರ ಹೊರಟೆವು. ಕಾರಿನಲ್ಲಿ ವಾಂತಿಯಾಗದಿರಲೆಂದು ಬೆಳಿಗ್ಗೆ ಊಟ ಹಾಕಲಿಲ್ಲ, ನೀರು ಮಾತ್ರ. ಅವನು ಮಲಗುತ್ತಿದ್ದ ಗೋಣಿಚೀಲ, ತಿನ್ನುತ್ತಿದ್ದ ತಟ್ಟೆ, ಎರಡನ್ನೂ ತೊಳೆಯದೆ ಕಟ್ಟಿಕೊಂಡೆ. ಅಮ್ಮ ಒಳಗಿನಿಂದ ತನ್ನ ಹಳೆಯ ಹತ್ತಿ ಸೀರೆಯೊಂದನ್ನು ತಂದುಕೊಟ್ಟಳು. ಉಟ್ಟು ಬಿಚ್ಚಿದ್ದು, ಒಗೆದಿರಲಿಲ್ಲ. ವಾಸನೆ ಜೊತೆಯಲ್ಲಿದ್ದರೆ ನಾಯಿಗೆ ಧೈರ್ಯ ಎಂದು ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಮಂಚದ ಮೇಲೆ ಕೂತು, ಅವನ ತಲೆಯನ್ನು ತೊಡೆಗೆ ಒತ್ತಿಕೊಂಡು, ‘ಅಲ್ಲೂ ಇದೇ ರೈಲು ಬರುತ್ತೆ ಕಣೋ’ ಎಂದಳು. ನಿಜ. ನಮ್ಮ ಸ್ಟೇಷನ್ ದಾಟಿದ ಗಾಡಿ ಗುಬ್ಬಿ ಮೇಲೆ ತಿಪಟೂರಿಗೇ ಹೋಗುತ್ತದೆ.

ಬಿಟ್ಟು ಬಂದದ್ದನ್ನು ಬರೆಯಲಾರೆ.

ಮೊದಲ ಎರಡು ವಾರ ಹಿತ್ತಲಿಗೂ ಹಗ್ಗ ಬಿಚ್ಚಬೇಡಿ ಎಂದಿದ್ದೆ, ಅವರು ಹಾಗೇ ಮಾಡಿದರು. ಮೂರು ದಿನ ಏನೂ ತಿನ್ನಲಿಲ್ಲವಂತೆ. ನಾಲ್ಕನೇ ದಿನ ಅಕ್ಕ ಸೀರೆಯ ಪಕ್ಕದಲ್ಲೇ ಕೂತು ಮುದ್ದೆಯನ್ನು ಚೂರು ಚೂರು ಮಾಡಿ ಕೈಯಲ್ಲಿ ಹಿಡಿದಾಗ ತಿಂದ. ನಾವು ಎರಡು ತಿಂಗಳು ನೋಡಲು ಹೋಗಲಿಲ್ಲ, ವೀಡಿಯೋ ಕಾಲ್‌ನಲ್ಲಿ ಅವನಿಗೆ ನಮ್ಮ ದನಿ ಕೇಳಿಸಲೂ ಇಲ್ಲ. ಸದ್ದು ಮುಚ್ಚಿ ನೋಡುತ್ತಿದ್ದೆವು. ಕಾಲಿನ ಗಾಯದ ಮೇಲೆ ಕೂದಲು ಬಂದದ್ದನ್ನು ಹಾಗೇ ಕಂಡೆ.

ಮೊನ್ನೆ ಕೆಂಪು ಇಂಕಿನ ತಿಂಗಳು ಬಂತು. ನಾನು ನೆನಪಿಸುವ ಮೊದಲೇ ಮೇಷ್ಟ್ರು ಫೋನ್ ಮಾಡಿದರು. ಲಸಿಕೆ ಆಯಿತು, ತೂಕ 35 ಕೆಜಿ. ಜಾಸ್ತಿಯಾಯಿತು ಮೇಷ್ಟ್ರೇ, ಲ್ಯಾಬ್ರಡಾರ್‌ಗೆ ತೂಕ ಏರಿದರೆ ಕೀಲು ಕೆಡುತ್ತದೆ, ಮುದ್ದೆ ಕಮ್ಮಿ ಮಾಡಿ ಎಂದೆ. ‘ನಾನು ಹೇಳ್ತಾನೇ ಇದೀನಿ ಮೇಡಂ, ನಮ್ಮನೆಯವ್ರು ಕೇಳಲ್ಲ’ ಎಂದರು.

ಪಕ್ಕದಲ್ಲಿ ಅಮ್ಮ ವಾಕರ್ ಹಿಡಿದು ನಿಂತಿದ್ದಳು. ‘ಉಣ್ಲಿ ಬಿಡು’ ಎಂದಳು.